ಡೊಂಕು ಸಾಲಿಗೊಂದು ಲ್ಯಾಟಿನ್ ಶಬ್ದ

ಕೋರ್ಟಿನ ತೀರ್ಪಿನ ಏಳನೆಯ ಪುಟದಲ್ಲಿ ಆ ಶಬ್ದವಿತ್ತು. ಪ್ರಿವ್ಯಾರಿಕೇಟ್. ಸಾಕ್ಷಿಯು ಪ್ರಿವ್ಯಾರಿಕೇಟ್ ಮಾಡಿದ್ದಾಳೆ, ಆದ್ದರಿಂದ ಅವಳ ಮಾತು ನಂಬಲು ಯೋಗ್ಯವಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಆ ಶಬ್ದದ ಹತ್ತಿರ ಬಂದಾಗ ನನ್ನ ನಾಲಿಗೆ ಹೊರಳಲಿಲ್ಲ. ಎದುರಿಗೆ ನೆಲದ ಮೇಲೆ ನನ್ನ ಅಕ್ಕ ಕೂತಿದ್ದಳು. ಆ ಸಾಕ್ಷಿ ಅವಳೇ.

"ಏನಂತ ಬರದಾರ?" ಅಂದಳು.

"ಏನಿಲ್ಲ ಬಿಡು. ನೀ ಹೇಳಿದ್ದು ಅವರಿಗೆ ಸರಿ ತಿಳಿಲಿಲ್ಲಂತ."

"ಖರೇ ಹೇಳ. ಸುಳ್ಳಿ ಅಂತ ಬರದಾರೇನು?"

ನಾನು ಕಾಗದ ಮಡಚಿದೆ. ಅವಳು ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಬೇಳೆ ಇಳಿಸಿದಳು. ಅಂದು ನನಗೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಜಕ್ಕಲಿಯ ಸೊಸೆ. ನಾನು ಗಜೇಂದ್ರಗಡದಲ್ಲಿ ನೌಕರಿ ಹಿಡಿದು ಅಲ್ಲಿಯೇ ಮನೆ ಮಾಡಿಕೊಂಡವಳು. ನಮ್ಮಿಬ್ಬರ ತವರು ಅಬ್ಬಿಗೇರಿ. ಅಪ್ಪ ಬಿತ್ತಲು ಕೂರಿಗೆ ಹೂಡಿದರೆ ಹಿಂದೆ ಬೀಜ ಬಿಡಲು ಹೆಣ್ಣುಮಕ್ಕಳೇ ಬೇಕು. ಕೂರಿಗೆಯ ಮೇಲೊಂದು ಕಟ್ಟಿಗೆಯ ಬಟ್ಟಲು, ಅದರ ಕೆಳಗೆ ನೆಲಕ್ಕಿಳಿಯುವ ಬಿದಿರಿನ ಕೊಳವೆಗಳು. ಎತ್ತು ಮುಂದೆ ಎಳೆಯುತ್ತಿದ್ದಂತೆ ಹಿಂದೆ ನಡೆಯುವವಳು ಉಡಿಯೊಳಗಿನ ಕಾಳನ್ನು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತ ಹೋಗಬೇಕು. ಮುಷ್ಟಿ ಬಿಗಿಯಾದರೆ ಸಾಲು ಬರಿದಾಗುತ್ತದೆ, ಸಡಿಲಾದರೆ ಕಾಳೆಲ್ಲ ಒಂದೇ ಕಡೆ ಬೀಳುತ್ತದೆ. ಅಕ್ಕನನ್ನು ಶಾಲೆಗೆ ಹಾಕಲೇ ಇಲ್ಲ, ಹನ್ನೆರಡು ತುಂಬಿದಾಗ ಆ ಕೆಲಸಕ್ಕೆ ಹಚ್ಚಿದರು. ನನ್ನನ್ನು ಶಾಲೆಗೆ ಕಳಿಸಿದರು. ರಜೆಯಲ್ಲಿ ಮಾತ್ರ ಅವಳ ಬೆನ್ನಿಗೆ ನಾನೂ ಉಡಿ ಕಟ್ಟಿಕೊಂಡು ನಡೆಯುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಅಕ್ಕ ಕೂರಿಗೆಯನ್ನೂ ತಾನೇ ಹಿಡಿದಳು. ಹೆಂಗಸು ಕೂರಿಗೆ ಹಿಡಿದರೆ ಮಳೆ ಹೋಗುತ್ತದೆ ಅಂದರು ಕೆಲವರು. ಮಳೆ ಬಂತು. ಬೆಳೆ ಮೊಳಕಾಲುದ್ದ ಎದ್ದಾಗ ಅವಳ ಸಾಲು ನೋಡಿ ಅದೇ ಜನ ಬಾಯಿ ಮುಚ್ಚಿಕೊಂಡರು. ನಮ್ಮ ಎರೆಹೊಲದಲ್ಲಿ ಸಾಲು ಡೊಂಕಾದರೆ ಮುಚ್ಚಿಡಲು ಬರುವುದಿಲ್ಲ. ಬೆಳೆ ಎದ್ದು ನಿಂತು ಕೊಯ್ಲಿನ ತನಕ ಊರಿಗೆಲ್ಲ ತೋರಿಸುತ್ತದೆ. ದಾರಿಯಲ್ಲಿ ಹೋಗುವವನು ಕೂಡ ನಿಂತು, "ಯಾರಪಾ ಬಿತ್ತಿದಾಂವ, ಕುಡದು ಬಿತ್ಯಾನೇನ?" ಎಂದು ಕೇಳಿಯೇ ಮುಂದೆ ಹೋಗುತ್ತಾನೆ. ಅಕ್ಕನ ಹೊಲದ ಮುಂದೆ ಯಾರೂ ಹಾಗೆ ನಿಂತು ಕೇಳಿದ್ದಿಲ್ಲ.

ಅವಳಿಗೆ ಫೂಟು, ಗುಂಟೆ ಎಲ್ಲ ತಲೆಗೆ ಹೋಗುವುದಿಲ್ಲ. ಹೊಲವನ್ನು ಅವಳು ಸಾಲಿನಲ್ಲಿ ಎಣಿಸುತ್ತಾಳೆ. ಈ ಬದುವಿನಿಂದ ಆ ಗಿಡಕ್ಕೆ ಇಷ್ಟು ಸಾಲು, ಗಿಡದಿಂದ ಹಳ್ಳಕ್ಕೆ ಅಷ್ಟು ಸಾಲು. ಊರಲ್ಲಿ ಯಾರ ಹೊಲದ ಬದು ಎಲ್ಲಿತ್ತು ಎಂದು ತಕರಾರು ಬಂದರೆ ಹಿರಿಯರು ಅವಳನ್ನು ಕರೆಯುತ್ತಿದ್ದರು. ಇವಳು ಹೋಗಿ ನಿಂತು, "ನಿಮ್ಮಪ್ಪ ಇದ್ದಾಗ ಇಲ್ಲಿ ಹದಿನೆಂಟು ಸಾಲು ಬೀಳತಿದ್ವು, ನಾನ ಬಿತ್ತಾಕ ಬಂದಿದ್ನಿ" ಅಂದರೆ ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಎರಡೂ ಕಡೆಯವರು ಅವಳ ಮಾತಿಗೆ ತಲೆಬಾಗುತ್ತಿದ್ದರು. ಓದು ಬರಹ ಇಲ್ಲದ ಹೆಣ್ಣುಮಗಳಿಗೆ ಊರು ಕೊಟ್ಟ ಮರ್ಯಾದೆ ಅದೊಂದೇ, ಮತ್ತು ಅದರ ಬೆಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂಥವಳ ಬದುವನ್ನೇ ಪಕ್ಕದ ಹೊಲದವನು ಕಡಿದ. ಒಂದೇ ಸಲಕ್ಕಲ್ಲ. ಪ್ರತಿ ವರ್ಷ ಟ್ರ್ಯಾಕ್ಟರ್ ಹೊಡೆಸುವಾಗ ಒಂದಿಷ್ಟು, ಒಂದಿಷ್ಟು. ಸರ್ವೇ ಕಲ್ಲು ಎಂದೋ ಮಾಯವಾಗಿತ್ತು. ಬದುವಿನಿಂದ ಅಕ್ಕನ ಬನ್ನಿ ಗಿಡದ ತನಕ ಮೊದಲು ಜೋಳದ ಹದಿನಾರು ಸಾಲು ಬೀಳುತ್ತಿದ್ದಲ್ಲಿ ಹನ್ನೆರಡೇ ಬೀಳತೊಡಗಿದವು. ಕೇಳಲು ಹೋದರೆ, "ನಿನ್ನ ಕಣ್ಣಿಗೆ ಪೊರಿ ಬಂದೈತಿ, ದವಾಖಾನಿಗೆ ತೋರಿಸ್ಕೋ" ಅಂದನಂತೆ ಆ ಭೂಪ. ಅಕ್ಕ ಕೋರ್ಟಿಗೆ ಹೋದಳು.

ವಕೀಲರನ್ನು ಹುಡುಕಿ ಕೊಟ್ಟವಳು ನಾನೇ. ನರಗುಂದದ ಕಡೆಯ ರೈತನ ಮಗ, ಹೊಲ ಮನೆ ಎಲ್ಲ ಗೊತ್ತಿರುವವರು, ನಮ್ಮ ಮಾತು ತಿಳಿಯುತ್ತದೆ ಎಂದು ಆರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ. ಸರ್ವೇ ಮಾಡಿಸಿರಿ ಎಂದು ಅಕ್ಕ ಮೂರು ಸಲ ಕೇಳಿದಳು. "ಬೇಕಾದಾಗ ಅರ್ಜಿ ಹಾಕೋಣಂತ ಬಿಡಬೇ ಯವ್ವಾ, ನಿನ್ನ ಸಾಕ್ಷಿನ ಸಾಕು" ಅಂದರು. ಅಕ್ಕ ಹಿಗ್ಗಿದಳು. ತನ್ನ ಮಾತಿಗೆ ಕೋರ್ಟಿನಲ್ಲೂ ತೂಕವಿದೆ ಎಂದು ತಿಳಿದಳು.

ಅವಳು ಸಾಕ್ಷಿ ಹೇಳಿದ ದಿನ ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಯಾವ ಊರಿನ ಕೋರ್ಟು ಎಂದು ಹೇಳುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎದುರು ಕಡೆಯ ವಕೀಲ ಎದ್ದು ನಯವಾಗಿಯೇ ಶುರು ಮಾಡಿದ.

"ಅಮ್ಮಾ, ಬದುವಿನಿಂದ ಬನ್ನಿ ಗಿಡದ ತನಕ ನಿಮ್ಮ ಹೊಲ ಎಷ್ಟಿತ್ತು?"

"ಇಪ್ಪತ್ನಾಕ್ ಸಾಲ್ರಿ."

"ಯಾವಾಗಿನ ಮಾತು?"

"ಬದು ಕಡಿಯೂ ಮೊದಲಿನ ವರ್ಷ ಮುಂಗಾರ್ಯಾಗ ಬಿತ್ತಿದಾಗಿಂದು ಹೇಳಾಕತ್ತೇನ್ರಿ."

"ಅದೇ ವರ್ಷ ಹಿಂಗಾರಿಗೆ ಎಷ್ಟಿತ್ತು?"

"ಹದಿನಾರು ಸಾಲ್ರಿ."

ಅವನು ತಿರುಗಿ ಎಲ್ಲರ ಮುಖ ನೋಡಿದ. "ಹಂಗಾದ್ರ ನಾಕ ತಿಂಗಳದಾಗ ಎಂಟು ಸಾಲು ಹೊಲ ಎಲ್ಲಿ ಹೋತು? ಯಾರು ನುಂಗಿದ್ರು?"

"ಯಾರೂ ನುಂಗಿಲ್ರಿ. ಹೊಲ ಇದ್ದಷ್ಟ ಐತ್ರಿ."

ಕೋರ್ಟು ಘೊಳ್ ಎಂದು ನಕ್ಕಿತು.

"ಇಪ್ಪತ್ನಾಕು ಖರೇನೋ, ಹದಿನಾರು ಖರೇನೋ? ಒಂದ ಹೇಳ್ರಿ."

"ಎರಡೂ ಖರೇನ್ರಿ."

ಮತ್ತೆ ನಗು. ಅಕ್ಕ ಯಾಕೆ ನಗುತ್ತಾರೆಂದು ತಿಳಿಯದೆ ನಮ್ಮ ವಕೀಲರ ಕಡೆ ನೋಡಿದಳು.

ಇದರಲ್ಲಿ ಒಗಟೇನೂ ಇಲ್ಲ, ಹೇಳಿಬಿಡುತ್ತೇನೆ. ನಮ್ಮಲ್ಲಿ ಒಂದೇ ಹೊಲದಲ್ಲಿ ಮುಂಗಾರಿಗೆ ಹೆಸರುಕಾಳು ಬಿತ್ತುತ್ತಾರೆ, ಅದನ್ನು ಕಿತ್ತ ಮೇಲೆ ಹಿಂಗಾರಿಗೆ ಜೋಳ. ಹೆಸರುಕಾಳಿನ ಗಿಡ ಗಿಡ್ಡ, ಅದರ ಕೂರಿಗೆಯ ಸಾಲು ಒತ್ತಾಗಿ ಬೀಳುತ್ತವೆ. ಜೋಳ ಎತ್ತರಕ್ಕೆ ಬೆಳೆಯುವಂಥದ್ದು, ಅದರ ಕೂರಿಗೆ ಬೇರೆ, ಸಾಲು ಅಗಲ. ಅಷ್ಟೇ ಜಾಗದಲ್ಲಿ ಹೆಸರುಕಾಳಿನವು ಇಪ್ಪತ್ನಾಲ್ಕು, ಜೋಳದವು ಹದಿನಾರು. ಅಕ್ಕ ಇದನ್ನು ಬಿಡಿಸಿ ಹೇಳಲಿಲ್ಲ, ಯಾಕೆಂದರೆ ಬಿಡಿಸಿ ಹೇಳಬೇಕಾದ ಸಂಗತಿ ಇದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕಪ್ಪು ಮಣ್ಣು ತುಳಿದ ಯಾವ ಮನುಷ್ಯನಿಗೂ ಇದು ಗೊತ್ತಿರುತ್ತದೆ, ಕೋರ್ಟಿನಲ್ಲಿ ಕೂತ ದೊಡ್ಡವರಿಗೆ ಗೊತ್ತಿರುವುದಿಲ್ಲವೇ ಎಂದು ತಿಳಿದಳು. ತಪ್ಪು ಮಾಡಿದ್ದು ಅಷ್ಟೇ.

ನ್ಯಾಯಾಧೀಶರು ಘಟ್ಟದ ಕಡೆಯವರು. ಅವರಿಗೆ ಎರೆಹೊಲದ ಗಂಧ ಇರಲಿಕ್ಕಿಲ್ಲ, ಅವರ ಮೇಲೆ ನನಗೆ ಅರ್ಧ ಸಿಟ್ಟು. ಊಟದ ಬಿಡುವು ಮುಗಿದ ಮೇಲೆ ಅವರು ಕೇಳಿದ್ದರು ಕೂಡ, ನಿಮ್ಮ ಸಾಕ್ಷಿಗೆ ನೀವು ಮತ್ತೇನಾದರೂ ಕೇಳುವುದಿದೆಯೇ ಎಂದು. ನಮ್ಮ ವಕೀಲರು ಅರ್ಧ ಎದ್ದು, ಇಲ್ಲ ಸ್ವಾಮಿ ಅಂದು, ಫೈಲಿನ ದಾರ ಕಟ್ಟಿದರು. ಒಂದು ಪ್ರಶ್ನೆ ಸಾಕಿತ್ತು. ಮುಂಗಾರಿಗೆ ಏನು ಬಿತ್ತಿದ್ದಿ, ಹಿಂಗಾರಿಗೆ ಏನು ಬಿತ್ತಿದ್ದಿ? ಇಷ್ಟು ಕೇಳಿದ್ದರೆ ನಕ್ಕವರ ಹಲ್ಲು ಒಳಗೆ ಹೋಗುತ್ತಿದ್ದವು.

ತೀರ್ಪು ಬಂತು, ಬದು ಹೋಯಿತು. ಬದು ಹೋದದ್ದನ್ನು ಅಕ್ಕ ತಡೆದುಕೊಂಡಳು. ಆದರೆ ಪಕ್ಕದ ಹೊಲದವನು ಆ ಏಳನೆಯ ಪುಟದ ಝೆರಾಕ್ಸ್ ಮಾಡಿಸಿ ಕಿಸೆಯಲ್ಲಿ ಇಟ್ಟುಕೊಂಡು ಚಹಾದ ಅಂಗಡಿಯಲ್ಲಿ ತೋರಿಸತೊಡಗಿದ. "ನೋಡ್ರೆಪಾ, ಈಕಿ ಸುಳ್ಳಿ ಅಂತ ಇಂಗ್ಲೀಷಿನ್ಯಾಗ ಬರದ ಕೊಟ್ಟಾರ." ಓದಲು ಯಾರಿಗೂ ಬರುತ್ತಿರಲಿಲ್ಲ, ಅವನಿಗೂ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಇದ್ದದ್ದರಿಂದಲೇ ಜನ ನಂಬಿದರು. ಆ ಬೇಸಿಗೆಯಲ್ಲಿ ಊರಲ್ಲಿ ಎರಡು ಬದುವಿನ ಜಗಳ ಬಂದವು. ಎರಡಕ್ಕೂ ಅಕ್ಕನನ್ನು ಕರೆಯಲಿಲ್ಲ. ಕರೆಯದೇ ಇದ್ದರೂ ಹೋಗಿ ನಿಂತಳಂತೆ ಒಂದಕ್ಕೆ. "ನೀ ಎಣಿಸೂದು ಬ್ಯಾಡ ಬಿಡಬೇ ಯಕ್ಕಾ, ಮುಂಗಾರಿಗೊಂದು ಹಿಂಗಾರಿಗೊಂದು ಹೇಳತಿ" ಅಂದನಂತೆ ಪಂಚಾಯ್ತಿಗೆ ಕೂತ ಒಬ್ಬ, ತನ್ನ ಮದುವೆಯಲ್ಲಿ ಅವಳಿಂದಲೇ ಅರಿಷಿಣ ಹಚ್ಚಿಸಿಕೊಂಡವನು. ಆ ಹುಚ್ಚಪ್ಪನೂ ರೈತನೇ! ಅವನ ಹೊಲದಲ್ಲೂ ಹೆಸರುಕಾಳು ಒತ್ತು, ಜೋಳ ಅಗಲ. ಗೊತ್ತಿದ್ದೂ ನಕ್ಕ. ಕೋರ್ಟು ನಕ್ಕ ಮೇಲೆ ತಾನೂ ನಗಬೇಕಲ್ಲ.

ಅಂದಿನಿಂದ ಅಕ್ಕ ಬಿತ್ತಲು ಹೋಗುವುದನ್ನೇ ಬಿಟ್ಟಳು. ಮೂರು ದಿಕ್ಕಿನ ಹೊಲದವರು ಬೀಜ ಬಿಡಲು ಕರೆದರೆ, ಮೈಯಾಗ ಚಲೋ ಇಲ್ಲ ಅಂದಳು. ಅವಳ ಮೈಗೆ ಏನೂ ಆಗಿರಲಿಲ್ಲ.

ಸಿಟ್ಟು ತಡೆಯದೆ ನಾನು ಆ ಶಬ್ದದ ಬೆನ್ನು ಹತ್ತಿದೆ. ಸುಳ್ಳಿ ಎನ್ನಲು ಇಂಗ್ಲಿಷಿನಲ್ಲಿ ಸಣ್ಣ ಶಬ್ದಗಳು ಬೇಕಾದಷ್ಟಿವೆ. ಇಷ್ಟು ಉದ್ದನೆಯದು ಯಾಕೆ ಬೇಕಾಯಿತು ಎಂದು ಶಾಲೆಯ ಗ್ರಂಥಾಲಯದ ದಪ್ಪ ಡಿಕ್ಷನರಿ ತೆಗೆದೆ. ಧೂಳು ಹಿಡಿದ ಪುಸ್ತಕ, ನನ್ನ ಸರ್ವಿಸಿನಲ್ಲಿ ನಾನು ಅದನ್ನು ನಾಲ್ಕು ಸಲ ಮುಟ್ಟಿರಲಿಕ್ಕಿಲ್ಲ. ಪ್ರಿವ್ಯಾರಿಕೇಟ್: ನೇರ ಉತ್ತರ ಹೇಳದೆ ಅತ್ತಿತ್ತ ಹೊರಳಾಡುವುದು, ನುಣುಚಿಕೊಳ್ಳುವುದು. ಹಾಗೆ ಮಾಡಿದವಳು ನನ್ನ ಅಕ್ಕನಂತೆ! ಜನ್ಮದಲ್ಲಿ ಅತ್ತಿತ್ತ ಹೊರಳದ ಹೆಣ್ಣು. ಪುಸ್ತಕ ಮುಚ್ಚುವವಳಿದ್ದೆ, ಅಷ್ಟರಲ್ಲಿ ಶಬ್ದದ ಮೂಲ ಕಂಡಿತು.

ಲ್ಯಾಟಿನ್ನಿನಲ್ಲಿ ವಾರುಸ್ ಅಂದರೆ ಡೊಂಕು ಕಾಲಿನವನು. ಅದರಿಂದ ವಾರಿಕಾರೆ, ಕಾಲು ಅಗಲಿಸಿ ಅಡ್ಡಾದಿಡ್ಡಿ ನಡೆಯುವುದು. ಅದಕ್ಕೆ ಮುಂದೊಂದು ಪ್ರೈ ಸೇರಿ ಪ್ರೈವಾರಿಕಾರಿ. ಅಲ್ಲಿಯ ರೈತರು ಈ ಶಬ್ದವನ್ನು ಹೊಲದಲ್ಲಿ ಬಳಸುತ್ತಿದ್ದರಂತೆ. ನೇಗಿಲು ಹೊಡೆಯುವವನು ಸಾಲು ಬಿಟ್ಟು ಡೊಂಕು ಹೋದರೆ ಅದು ಪ್ರೈವಾರಿಕಾರಿ. ಬೆನ್ನು ಬಗ್ಗಿಸಿ ಹೊಡೆಯದವನ ಸಾಲು ಡೊಂಕಾಗುತ್ತದೆ ಎಂದು ಅವರ ಹಳೆಯ ಬೇಸಾಯದ ತಿಳಿವಳಿಕೆ. ಅಯ್ ಶಿವನೇ! ನೆಲಕ್ಕೆ ಬಗ್ಗಿ ಬಗ್ಗಿ ನನ್ನ ಅಕ್ಕನ ಸೊಂಟ ಇನ್ನು ನೇರ ಆಗುವುದಿಲ್ಲ ಎಂದು ಡಾಕ್ಟರು ಹೇಳಿ ಎಷ್ಟೋ ವರ್ಷವಾಯಿತು. ಡೊಂಕು ಸಾಲಿನ ಶಬ್ದವನ್ನು ಹುಡುಕಿ ತಂದು ಅವಳ ಹಣೆಗೇ ಹಚ್ಚಬೇಕೇ?

ನನ್ನ ಸಿಟ್ಟು ನೆತ್ತಿಗೇರಿದ್ದು ಮುಂದಿನ ಸಾಲು ಓದಿದಾಗ. ಹೊಲದಿಂದ ಆ ಶಬ್ದ ರೋಮಿನ ನ್ಯಾಯಾಲಯಕ್ಕೆ ಹೋಯಿತಂತೆ. ಅಲ್ಲಿ ಅದನ್ನು ಸಾಕ್ಷಿಗೆ ಹೇಳುತ್ತಿರಲಿಲ್ಲ. ಒಬ್ಬರ ಪರ ವಾದಿಸುತ್ತೇನೆಂದು ನಿಂತು, ಒಳಗಿಂದೊಳಗೆ ಎದುರಿನವರ ಜೊತೆ ಕೂಡಿಕೊಂಡು, ಬೇಕೆಂದೇ ಕೇಸು ಸೋಲುವ ವಕೀಲನಿಗೆ ಹೇಳುತ್ತಿದ್ದರು. ಅದು ಅಲ್ಲಿ ಶಿಕ್ಷೆಯಾಗುವ ಅಪರಾಧ. ಆಮೇಲೆ ಶತಮಾನಗಳು ಉರುಳಿ ಶಬ್ದ ಸವೆದು, ಮಾತು ತಿರುಚುವ ಯಾರಿಗಾದರೂ ಹೇಳುವಂತಾಯಿತು. ವಕೀಲನಿಗೆ ಹೊಡೆಯಲು ಮಾಡಿದ ಬಾರುಕೋಲು ಕೋರ್ಟಿನ ಕೈಗೆ ಸಿಕ್ಕಿತು, ಅದು ವಕೀಲನನ್ನು ಬಿಟ್ಟು ನನ್ನ ಅಕ್ಕನಿಗೆ ಹೊಡೆಯಿತು. ಶಬ್ದಗಳಿಗೂ ನಾಚಿಕೆ ಇರುವುದಿಲ್ಲ.

ಆ ಸಂಜೆ ನಮ್ಮ ಪಕ್ಕದ ಮನೆಗೆ ಹೋದೆ. ಅಲ್ಲಿ ಇರುವವಳು ಮಗ್ಗದ ಮೇಲೆ ಸೀರೆ ನೇಯುವ ಹೆಣ್ಣುಮಗಳು. ಹೊಲದ ಮುಖ ನೋಡಿದವಳಲ್ಲ. ಅವಳಿಗೆ ಇಪ್ಪತ್ನಾಲ್ಕು ಸಾಲು, ಹದಿನಾರು ಸಾಲಿನ ಕಥೆ ಹೇಳಿದೆ. ಲಾಳಿ ಎಸೆಯುತ್ತಲೇ ಅಂದಳು: "ಇದರಾಗ ಸುಳ್ಳ ಏನೈತ್ರಿ? ಸಣ್ಣ ಎಳಿ ಆದ್ರ ಹೆಚ್ಚು ಹಿಡಿತಾವ, ದಪ್ಪ ಎಳಿ ಆದ್ರ ಕಡಿಮಿ. ಪನಾ ಅಷ್ಟ ಇರತೈತಿ." ಪನಾ ಅಂದರೆ ಸೀರೆಯ ಅಗಲ. ಮಗ್ಗ ನಿಲ್ಲಿಸದೆ ಅರೆಗಳಿಗೆಯಲ್ಲಿ ಅವಳಿಗೆ ತಿಳಿದದ್ದು ರೈತನ ಮಗನಾದ ವಕೀಲನಿಗೆ ತಿಳಿಯಲಿಲ್ಲವೇ?

ಅದನ್ನು ಕೇಳಲೆಂದೇ ಮರುದಿನ ರೋಣದ ಬಸ್ಸು ಹಿಡಿದು, ಅಲ್ಲಿಂದ ಮುಂದೆ ಹೋಗಿ ಅವರ ಆಫೀಸಿಗೆ ನುಗ್ಗಿದೆ. ದಾರಿಯಲ್ಲಿ ಇನ್ನೊಂದು ಸುದ್ದಿ ಕಿವಿಗೆ ಬಿದ್ದಿತ್ತು. ಪಕ್ಕದ ಹೊಲದವನ ಮಗಳ ಮದುವೆಯಲ್ಲಿ ನಮ್ಮ ವಕೀಲರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ತಲೆಗೆ ಪಟಗಾ ರುಮಾಲು ಸುತ್ತಿ ಆಯೇರಿಯ ಉಡುಗೊರೆ ಮಾಡಿದ್ದರಂತೆ.

"ಬರ್ರಿ ಟೀಚರ್, ಚಾ ತರಸ್ಲೇನ್ರಿ?" ಅಂದರು.

"ಚಾ ಬ್ಯಾಡ್ರಿ. ಒಂದ ಮಾತು ಕೇಳಾಕ ಬಂದೇನಿ. ನಿಮ್ಮ ಹೊಲದಾಗ ಹೆಸರುಕಾಳು ಬಿತ್ತಿದ್ರ ಸಾಲಿಗೆ ಸಾಲಿಗೆ ಎಷ್ಟ ಅಂತರ ಬಿಡ್ತೀರಿ?"

"ಒಂದ್ ಫೂಟು," ಅಂದರು, ಫೈಲಿನಿಂದ ತಲೆ ಎತ್ತದೆ.

"ಜ್ವಾಳಕ್ಕ?"

"ದೀಡ್, ಒಂದೂವರಿ ಫೂಟು. ಯಾಕ್ರಿ?"

"ಇಪ್ಪತ್ನಾಕ್ ಫೂಟು ಜಾಗದಾಗ ಹೆಸರುಕಾಳಿನ ಸಾಲೆಷ್ಟು ಬೀಳ್ತಾವ? ಜ್ವಾಳದ ಸಾಲೆಷ್ಟು ಬೀಳ್ತಾವ? ಲೆಕ್ಕ ಹಾಕಿ ನೀವ ಹೇಳ್ರಿ."

ಆಗ ತಲೆ ಎತ್ತಿದರು. ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. ಲೆಕ್ಕ ಹಾಕುವ ಅಗತ್ಯ ಅವರಿಗಿರಲಿಲ್ಲ. ಆ ದಿನವೇ ಹಾಕಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು.

"ಎಲ್ಲಾ ಕೋರ್ಟಿನ್ಯಾಗ ಹೇಳಾಕ ಬರೂದಿಲ್ರಿ ಟೀಚರ್. ಆ ಮನಿಯವ್ರೂ ನಮಗ ಬೇಕಾದವ್ರು. ಊರಂದ ಮ್ಯಾಲ ಎಲ್ಲಾರ ಸಂಗಾಟ ಇರಬೇಕಾಗತೈತಿ. ನಿಮ್ಮಕ್ಕಗ ಹೋಗಿದ್ದು ನಾಕ ಸಾಲಲ್ರಿ?"

"ಬೇಲಿನ ಎದ್ದು ಹೊಲ ಮೇಯ್ತು ಅನ್ನೂದು ಕೇಳಿದ್ನಿ, ಇವತ್ತು ಕಣ್ಣಿಂದ ನೋಡಿದ್ನಿ!" ಎಂದು ಕೂಗಿದೆ. ಹೊರಗೆ ಕೂತಿದ್ದ ಕಕ್ಷಿದಾರರು ಬಾಗಿಲಿಗೆ ಬಂದರು. ಬರಲಿ ಎಂದು ಇನ್ನೂ ಜೋರಾಗಿ ಹೇಳಿದೆ. ಲ್ಯಾಟಿನ್ನು, ಡೊಂಕು ಕಾಲು, ರೋಮು, ಶಿಕ್ಷೆ, ಎಲ್ಲವನ್ನೂ ಮೇಜು ಬಡಿದು ಪಾಠ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಪಾಠ ಅದು. ವಕೀಲರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಇದು ನಿಮ್ಮ ಸಾಲಿ ಅಲ್ರಿ ಟೀಚರ್" ಎಂದಷ್ಟೇ ಅಂದರು.

ಗೆದ್ದೆ ಎಂದುಕೊಂಡು ಅಲ್ಲಿಂದ ನೇರ ಜಕ್ಕಲಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಆ ಶಬ್ದ ನಿನ್ನದಲ್ಲವೇ ಅಲ್ಲ, ವಕೀಲನದು, ಅವನಂಥವರಿಗಾಗಿಯೇ ಮಾಡಿದ್ದು, ಮೇಲಿನ ಕೋರ್ಟಿಗೆ ಹೋಗೋಣ, ಬೇರೆ ವಕೀಲರನ್ನು ಹಿಡಿಯೋಣ, ಸರ್ವೇ ಮಾಡಿಸೋಣ. ಉಸಿರು ತೆಗೆದುಕೊಳ್ಳದೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರ, ನಮ್ಮಾಂವ ಅಂತ ಹೇಳಿಕೊಂಡು ಕುಂತು, ಅವರ ಕಡಿ ಸಾಲು ಹೊಡಿಯಾಂವಗ ಅನ್ನೂ ಶಬ್ದ ಅದು?"

"ಹೂಂ ಯಕ್ಕಾ. ಅದ ಅರ್ಥ."

ಮೊರ ಕೆಳಗಿಟ್ಟಳು.

"ಅಂವಗ ಅವರು ಪಟಗಾ ಸುತ್ತಿದ್ರು. ನಿನಗ ಯಾರ ಏನ ಸುತ್ತಿದ್ರು?"

"ನಾ ಏನ ಮಾಡೇನಿ?"

"ನನ್ನ ಸಂಗಾಟ ಕೂರಿಗಿ ಹಿಂದ ಅಡ್ಡಾಡಿದಾಕಿ ನೀನು. ಹೆಸರುಕಾಳಿನ ಸಾಲೆಷ್ಟು, ಜ್ವಾಳದ ಸಾಲೆಷ್ಟು ನಿನಗ ಗೊತ್ತಿರಲಿಲ್ಲೇನು?"

"ಕೋರ್ಟಿನ್ಯಾಗ ಬ್ಯಾರೇದವ್ರು ಎದ್ದು ಮಾತಾಡಾಕ ಬರೂದಿಲ್ಲ ಯಕ್ಕಾ."

"ಒಳಗ ಬ್ಯಾಡ. ಸಾಕ್ಷಿ ನಡೂವ ಊಟಕ್ಕ ಬಿಟ್ಟಾಗ ಹೊರಗ ಬೇವಿನ ಗಿಡದ ಬುಡಕ ಮೂರೂ ಮಂದಿ ಕೂಡಿ ಚಾ ಕುಡದ್ವಿ. ವಕೀಲನ ಮುಂದ ನೀ ಒಂದ ಮಾತು ಹೇಳಬಹುದಿತ್ತಲ್ಲ? ಎಲ್ಲಾರೂ ಕೇಳೂ ಹಂಗ ಹೇಳಿದ್ರ ಅಂವ ಮುಚ್ಚಿಡಾಕ ಆಗತಿತ್ತೇನು?"

ಆ ದಿನ ನಾನು ಚಹಾ ಕುಡಿಯುತ್ತ ವಕೀಲರ ಜೊತೆ ಶಾಲೆಯ ರಿಸಲ್ಟಿನ ಮಾತು ಆಡಿದ್ದೆ. ಅಕ್ಕನ ಇಪ್ಪತ್ನಾಲ್ಕು, ಹದಿನಾರರ ಅರ್ಥ ನನಗೆ ಮೊದಲ ಗಳಿಗೆಯಲ್ಲೇ ಹೊಳೆದಿತ್ತು. ವಕೀಲರಿಗೂ ಹೊಳೆದಿರುತ್ತದೆ, ಅವರು ನೋಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕೋರ್ಟಿನಲ್ಲಿ ಟೈಪು ಮಾಡುತ್ತ ಕೂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಬಂದ ಕೂಡಲೇ ನನ್ನನ್ನು ಗುರುತಿಸಿ ಕೈ ಮುಗಿದಿದ್ದಳು. ಸಾಲು ಎಣಿಸುವ, ಸೆರಗು ಸೊಂಟಕ್ಕೆ ಕಟ್ಟಿದ ಈ ಹೆಣ್ಣುಮಗಳು ನನ್ನ ಒಡಹುಟ್ಟಿದವಳು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಯಾರು ನುಂಗಿದರು ಎಂದು ಎದುರು ಕಡೆಯ ವಕೀಲ ಕೇಳಿದಾಗ ಆ ಹುಡುಗಿ ನನ್ನ ಕಡೆ ನೋಡಿ ನಕ್ಕಿದ್ದಳು.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳಲಿಲ್ಲ. ಬಾಗಿಲ ಹತ್ತಿರ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಕಾಲಿನದನ್ನು ಹಾಕಿಕೊಂಡೇ ನಿಂತಿದ್ದೆ.

"ಮಂದಿ ನಗಲಿ, ಅವರೇನ ನನ್ನವ್ರಲ್ಲ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ನೀನೂ ನಕ್ಕಿ. ನಾ ಕಟಕಟಿ ಒಳಗ ನಿಂತು ನೋಡಿದ್ನಿ."

ನಾನು ಇನ್ನೊಂದು ಕಾಲಿನ ಚಪ್ಪಲಿಯನ್ನೂ ಬಿಟ್ಟೆ. ಅವಳು ಮೊರ ಎತ್ತಿಕೊಂಡು ಮತ್ತೆ ಕಡಲೆ ಹಸನು ಮಾಡತೊಡಗಿದಳು. ಅಂದು ಬಾಯಿಂದ ಬರದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಯಾರಾದರೂ ಓದಿ ಹೇಳಲಿ. ಹೌದು ಯಕ್ಕಾ, ನಕ್ಕಿದ್ದೆ.